ಉಸಿರಿನ ದಾರಿಯಲ್ಲಿ ಮದ್ದು

ಕೆಮ್ಮಿನ ರೋಗಿಗಳು ಮದ್ದಿನ ಹಬೆ ಎಳೆದುಕೊಳ್ಳಲೆಂದು ಇಂಗ್ಲೆಂಡಿನ ವೈದ್ಯ ಜಾನ್ ಮಡ್ಜ್ 1778ರಲ್ಲಿ ಮುಚ್ಚಳವಿದ್ದ ಲೋಹದ ಪಾತ್ರೆಗೆ ಕೊಳವೆ ಜೋಡಿಸಿದ. ಅದಕ್ಕೆ ‘ಇನ್‌ಹೇಲರ್’ ಎಂದು ಹೆಸರಿಟ್ಟವನೂ ಅವನೇ. 1956ರಲ್ಲಿ ಅಮೆರಿಕದ ರೈಕರ್ ಕಂಪನಿ, ಅಳತೆ ಮಾಡಿ ಮದ್ದು ಚಿಮ್ಮುವ ಜೇಬಿನ ಇನ್‌ಹೇಲರ್ ತಂದಿತು. ಆಸ್ತಮಾ ರೋಗಿಗಳಿಗೆ ಅದು ವರವಾಯಿತು.

ಆದರೆ ಶ್ವಾಸಕೋಶ ನಾರುಗಟ್ಟಿ ಬಿಗಿಯುವ ‘ಪಲ್ಮನರಿ ಫೈಬ್ರೋಸಿಸ್’ ರೋಗದ ನೆಲೆ ಇನ್ನೂ ಆಳದ ಗಾಳಿಗೂಡುಗಳಲ್ಲಿದೆ. ದೊಡ್ಡ ಹನಿಗಳು ಗಂಟಲಲ್ಲೇ ಅಂಟಿಕೊಳ್ಳುತ್ತವೆ. ತೀರಾ ಸಣ್ಣವು ಉಸಿರಿನೊಂದಿಗೇ ಹೊರಬೀಳುತ್ತವೆ. ಆಳಕ್ಕಿಳಿಯುವುದು ಹೆಚ್ಚಾಗಿ 1ರಿಂದ 5 ಮೈಕ್ರಾನ್ ಗಾತ್ರದವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಇಂಥ ರೋಗಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಏರುವ ಒತ್ತಡಕ್ಕೆ, ಉಸಿರಿನಲ್ಲಿ ಎಳೆಯುವ ‘ಟ್ರೆಪ್ರೊಸ್ಟಿನಿಲ್’ ಮದ್ದನ್ನು ಅಮೆರಿಕ 2021ರಲ್ಲಿ ಒಪ್ಪಿತು. ನಾರುಗಟ್ಟಿದ ಭಾಗವನ್ನು ಮೊದಲಿನಂತಾಗಿಸುವ ಮದ್ದಿಲ್ಲ. ಉಳಿದ ಉಸಿರನ್ನು ಕಾಪಾಡುವುದೇ ಈ ಹೋರಾಟ.