ಗಣಿಯಾಡಳಿತದ ಒಂದು ಮನೆತನ ಮತ್ತು ಅದರ ದಾಖಲೆಗಳು

ಇತಿಹಾಸವೆಂಬುದು ಕೇವಲ ರಾಜಮಹಾರಾಜರ ಜಯಾಪಜಯಗಳ ಕಥನವಲ್ಲ. ನೆಲವನ್ನು ಉತ್ತವರು, ಲೋಹವನ್ನು ಅಗೆದವರು, ಸಂತೆಯಲ್ಲಿ ಸರಕು ಮಾರಿದವರು ಇವರೆಲ್ಲರ ಬಾಳುವೆಯೂ ಇತಿಹಾಸದ ಅಂಗವೇ ಆಗಿದೆ. ಆದರೆ ಬಾಳಿದವರೆಲ್ಲರೂ ಇತಿಹಾಸದಲ್ಲಿ ಉಳಿಯುವುದಿಲ್ಲ. ಬರೆದಿಟ್ಟವರು ಉಳಿಯುತ್ತಾರೆ, ಬರೆದಿಡದವರು ಮರೆಯಾಗುತ್ತಾರೆ. ಈ ಮಾತಿಗೆ ನಮ್ಮ ನಾಡಿನ ಗಣಿಗಳ ಚರಿತ್ರೆಯೇ ಒಳ್ಳೆಯ ನಿದರ್ಶನವಾಗಿದೆ.

ತುಮಕೂರು ಸೀಮೆಗೆ ಲೋಹದ ಕೆಲಸ ಹೊಸದೇನೂ ಅಲ್ಲ. ಗುಬ್ಬಿಯ ಪಶ್ಚಿಮ ಭಾಗದಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ಹಬ್ಬಿರುವ ಗುಡ್ಡಸಾಲುಗಳಲ್ಲಿ ಕಬ್ಬಿಣ, ಮ್ಯಾಂಗನೀಸು ಮೊದಲಾದ ಅದಿರುಗಳಿವೆ. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ಅಂದರೆ ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲಿ ಸಂಚರಿಸಿದನು. ಜೇಡಿಮಣ್ಣಿನ ಕುಲುಮೆ, ಇದ್ದಿಲು, ಚರ್ಮದ ತಿದಿ ಇವುಗಳಿಂದ ಹಳ್ಳಿಗರು ಕಬ್ಬಿಣವನ್ನು ಕರಗಿಸುತ್ತಿದ್ದ ಕ್ರಮವನ್ನೂ ಕೆಲಸಗಾರರು ಹುಟ್ಟುವಳಿಯನ್ನು ಹಂಚಿಕೊಳ್ಳುತ್ತಿದ್ದ ರೀತಿಯನ್ನೂ ಅವನು ಬರೆದಿಟ್ಟನು. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅವನ ಪ್ರವಾಸ ಗ್ರಂಥ ಪ್ರಕಟವಾಯಿತು. ಮುಂದೆ ವಿಲಾಯಿತಿಯ ಅಗ್ಗದ ಕಬ್ಬಿಣ ಬಂದು ನಮ್ಮ ಕುಲುಮೆಗಳು ಆರಿಹೋದವು. ಕುಲುಮೆಯ ಮುಂದೆ ಬೆವರು ಸುರಿಸಿದ ಮನೆತನಗಳ ಕುರುಹಾಗಿ ಉಳಿದದ್ದು ಹೊಲಗಳಲ್ಲಿ ಸಿಗುವ ಕಿಟ್ಟದ ಉಂಡೆಗಳು ಮಾತ್ರ. ಅವರ ಕೆಲಸದ ವಿವರವನ್ನು ನಾವು ಪರದೇಶದ ಪ್ರವಾಸಿಯೊಬ್ಬನ ಬರಹದಿಂದ ತಿಳಿಯಬೇಕಾಗಿದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದನ್ನು ಈಗ ಅವಲೋಕಿಸೋಣ. ಅದು ಕೋಲಾರದ ಚಿನ್ನದ ಗಣಿಗಳನ್ನು ದೀರ್ಘಕಾಲ ನಿರ್ವಹಿಸಿದ ಟೇಲರ್ ಮನೆತನದ ವೃತ್ತಾಂತ. ಈ ಮನೆತನದ ಮೂಲಪುರುಷನಾದ ಜಾನ್ ಟೇಲರ್ ೧೭೭೯ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದನು. ಅದು ಅಕ್ಷರವನ್ನು ಪ್ರೀತಿಸಿದ ಮನೆ. ಅವನ ತಮ್ಮ ರಿಚರ್ಡ್ ಹೆಸರಾಂತ ಮುದ್ರಕನಾದನು; ತಂಗಿ ಸಾರಾ ಆಸ್ಟಿನ್ ಲೇಖಕಿಯಾಗಿಯೂ ಅನುವಾದಕಿಯಾಗಿಯೂ ಕೀರ್ತಿ ಪಡೆದಳು. ಜಾನ್ ಟೇಲರ್ ಇನ್ನೂ ಇಪ್ಪತ್ತು ತುಂಬುವ ಮೊದಲೇ, ೧೭೯೮ರಲ್ಲಿ, ಟಾವಿಸ್ಟಾಕ್ ಸಮೀಪದ ತಾಮ್ರದ ಗಣಿಯೊಂದರ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. ೧೮೧೯ರಿಂದ ಕಾರ್ನ್‌ವಾಲ್ ಪ್ರಾಂತದ ದೊಡ್ಡ ತಾಮ್ರದ ಗಣಿಗಳನ್ನು ನಡೆಸಿದನು. ೧೮೨೯ರಲ್ಲಿ ‘ಗಣಿಗಾರಿಕೆಯ ದಾಖಲೆಗಳು’ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದನು. ಗಣಿಯ ಅನುಭವವು ಅಗೆದವನೊಡನೆಯೇ ಮಣ್ಣಾಗಬಾರದು, ಬರಹಕ್ಕಿಳಿದು ಮುಂದಿನವರಿಗೆ ಒದಗಬೇಕು ಎಂಬುದೇ ಅಂತಹ ಗ್ರಂಥದ ಸಾರ್ಥಕತೆ.

ಕಾರ್ನ್‌ವಾಲಿನ ಗಣಿಗಳಲ್ಲಿ ಲೆಕ್ಕವಿಡುವ ಪದ್ಧತಿಯೊಂದು ಬೇರೂರಿತ್ತು. ಪಾಲುದಾರರ ಹೆಸರು, ಆಯಾ ಅವಧಿಯ ಖರ್ಚು, ಮಾರಿದ ಅದಿರು, ಹಂಚಿದ ಲಾಭ ಇವೆಲ್ಲವೂ ಒಂದೇ ಪುಸ್ತಕದಲ್ಲಿ ದಾಖಲಾಗುತ್ತಿದ್ದವು. ಪಾಲುದಾರರು ಕಾಲಕಾಲಕ್ಕೆ ಸೇರಿ ಆ ಪುಸ್ತಕವನ್ನು ತೆರೆದು ನೋಡುತ್ತಿದ್ದರು. ಒಂದು ಅಳತೆಯ ಕಲ್ಲಿದ್ದಲನ್ನು ಉರಿಸಿ ಉಗಿಯಂತ್ರವು ಎಷ್ಟು ನೀರನ್ನು ಮೇಲೆತ್ತಿತೆಂಬುದನ್ನು ಕೂಡ ೧೮೧೧ರಿಂದ ತಿಂಗಳು ತಿಂಗಳಿಗೆ ಅಚ್ಚು ಹಾಕಿಸುತ್ತಿದ್ದರು. ಒಬ್ಬರ ಯಂತ್ರದ ಲೆಕ್ಕವನ್ನು ಮತ್ತೊಬ್ಬರು ನೋಡಿ ತಮ್ಮದನ್ನು ತಿದ್ದಿಕೊಂಡರು. ಲೆಕ್ಕವು ಬಚ್ಚಿಡುವ ಗುಟ್ಟಾಗದೆ ಕಲಿಯುವ ಪಾಠವಾಯಿತು.

ಲೆಕ್ಕವು ಗೆಲುವನ್ನಷ್ಟೇ ಹೇಳುವುದಿಲ್ಲವೆಂಬುದನ್ನೂ ಈ ಮನೆತನ ಕಂಡುಕೊಂಡಿತು. ೧೮೨೪ರಲ್ಲಿ ಮೆಕ್ಸಿಕೋ ದೇಶದ ರಿಯಲ್ ಡೆಲ್ ಮಾಂಟೆ ಬೆಳ್ಳಿಯ ಗಣಿಗಳಿಗಾಗಿ ಟೇಲರನ ನೇತೃತ್ವದಲ್ಲಿ ಕಂಪನಿಯೊಂದು ಸ್ಥಾಪಿತವಾಯಿತು. ಇಪ್ಪತ್ತೈದು ವರ್ಷ ಹೆಣಗಾಡಿ, ಅಪಾರ ನಷ್ಟ ಅನುಭವಿಸಿ, ೧೮೪೯ರಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಜಾನ್ ಟೇಲರ್ ೧೮೬೩ರಲ್ಲಿ ಕಾಲವಾದನು. ‘ಜಾನ್ ಟೇಲರ್ ಅಂಡ್ ಸನ್ಸ್’ ಎಂಬ ಸಂಸ್ಥೆ ಮಾತ್ರ ಅವನ ಮಕ್ಕಳ ಕೈಯಲ್ಲಿ, ಅನಂತರ ಅವರ ಪೀಳಿಗೆಯವರ ಕೈಯಲ್ಲಿ ಮುಂದುವರಿಯಿತು.

ಈ ಮನೆತನಕ್ಕೂ ಮೈಸೂರು ಸಂಸ್ಥಾನಕ್ಕೂ ನಂಟು ಬೆಳೆದ ಬಗೆ ಗಮನಾರ್ಹವಾದುದು. ಕೋಲಾರದ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಕಂಡು ವರದಿ ಮಾಡಿದ್ದನು. ಆ ವರದಿಯನ್ನು ಓದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ ೧೮೭೩ರಲ್ಲಿ ಅರ್ಜಿ ಸಲ್ಲಿಸಿ ೧೮೭೫ರಲ್ಲಿ ಪರವಾನಗಿ ಪಡೆದನು. ಎಪ್ಪತ್ತು ವರ್ಷ ಹಳೆಯ ಬರಹವೊಂದು ಗಣಿಯೂರಿನ ಬಾಗಿಲನ್ನು ತೆರೆಯಿತೆಂಬುದನ್ನು ವಾಚಕರು ಗಮನಿಸಬೇಕು. ೧೮೮೦ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಸ್ಥಾಪನೆಯಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಬಂಡವಾಳವೆಲ್ಲ ಕರಗಿ ಸುಮಾರು ೧೩,೦೦೦ ಪೌಂಡುಗಳು ಮಾತ್ರ ಉಳಿದಿದ್ದವು. ಉಳಿದುದನ್ನು ಹಂಚಿಕೊಂಡು ಮನೆಗೆ ಹೋಗೋಣವೆಂದು ಪಾಲುದಾರರು ಹೊರಟಾಗ, ಇನ್ನೊಮ್ಮೆ ಅಗೆದು ನೋಡೋಣವೆಂದು ಅವರನ್ನು ಒಪ್ಪಿಸಿದವರು ಟೇಲರ್ ಸಂಸ್ಥೆಯವರು. ಅವರು ಕಳುಹಿಸಿದ ಕ್ಯಾಪ್ಟನ್ ಪ್ಲಮರ್ ಹಳಬರು ಅಗೆದು ಬಿಟ್ಟಿದ್ದ ಗುಂಡಿಗಳ ಅಡಿಗೆ ಇಳಿದು ಶ್ರೀಮಂತವಾದ ಚಿನ್ನದ ಶಿರೆಯನ್ನು ತಲಪಿದನು. ಕಾರ್ನ್‌ವಾಲಿನಲ್ಲಿ ಗಣಿಯ ಮೇಸ್ತ್ರಿಗೆ ‘ಕ್ಯಾಪ್ಟನ್’ ಎನ್ನುವುದು ವಾಡಿಕೆ. ಅದು ಸೈನ್ಯದ ಪದವಿಯಲ್ಲ.

ಮುಂದಿನ ಪ್ರಗತಿ ಎಲ್ಲರಿಗೂ ತಿಳಿದಿರುವಂಥದು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಪ್ರಮುಖ ಗಣಿಗಳು ಟೇಲರ್ ಸಂಸ್ಥೆಯ ನಿರ್ವಹಣೆಗೆ ಬಂದವು. ಅವುಗಳಿಗಾಗಿಯೇ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರ್ ದೂರ ಹರಿದುಬಂದಿತು. ಬಾವಿಗಳು ಮೂರು ಕಿಲೋಮೀಟರುಗಳಿಗೂ ಮಿಕ್ಕಿ ಆಳಕ್ಕಿಳಿದವು. ಗಣಿಗಳ ಒಟ್ಟು ಆಯುಷ್ಯದಲ್ಲಿ ಸುಮಾರು ೮೦೦ ಟನ್ ಚಿನ್ನ ದೊರೆಯಿತು. ತೋಡಿದ ಅಡಿ, ಅರೆದ ಅದಿರು, ಪಡೆದ ಔನ್ಸು, ಹಂಚಿದ ಡಿವಿಡೆಂಡು ಎಲ್ಲವೂ ವರ್ಷವರ್ಷದ ವರದಿಗಳಲ್ಲಿ ಲಂಡನ್ನಿನ ಪಾಲುದಾರರನ್ನು ಮುಟ್ಟಿದವು.

ಆದರೆ ಈ ದಾಖಲೆಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಇವು ಯಾರ ದಾಖಲೆಗಳು? ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳ ಬಡಕುಟುಂಬಗಳಿಂದ ಬಂದು, ಬಹುಪಾಲು ದಲಿತರೇ ಆಗಿದ್ದ ಸಹಸ್ರಾರು ಕಾರ್ಮಿಕರು ಅವುಗಳಲ್ಲಿ ಸಂಖ್ಯೆಯಾಗಿ ಬರುತ್ತಾರೆ, ವ್ಯಕ್ತಿಗಳಾಗಿ ಬರುವುದು ಅಪರೂಪ. ೧೯೩೦ರಲ್ಲಿ ಬೆರಳಚ್ಚು ಪಡೆದು ಅವರನ್ನು ನೋಂದಾಯಿಸಲು ಹೊರಟಾಗ ಅವರು ಸುಮಾರು ಮೂರು ವಾರ ಕೆಲಸಕ್ಕಿಳಿಯಲಿಲ್ಲ. ತಮ್ಮ ಹೆಬ್ಬೆಟ್ಟು ಯಾರ ಕಡತವನ್ನು ಸೇರುತ್ತದೆ, ಯಾವ ಕಾರ್ಯಕ್ಕೆ ಬಳಕೆಯಾಗುತ್ತದೆ ಎಂಬ ಶಂಕೆ ಅಕ್ಷರ ಬಾರದವರಲ್ಲೂ ಇತ್ತು. ೧೯೪೦ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯನ್ನು ಪರೀಕ್ಷಿಸಿದಾಗ ಶೇಕಡಾ ನಲವತ್ತಕ್ಕೂ ಮಿಕ್ಕಿದವರಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕಂಡುಬಂದಿತು. ಔನ್ಸುಗಳ ಲೆಕ್ಕವನ್ನು ಮೊದಲಿನಿಂದಲೂ ಬರೆದವರು ಉಸಿರಿನ ಲೆಕ್ಕವನ್ನು ಬರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹಾಗೆ ಬರೆದ ಮೇಲೆಯೇ ಆ ನೋವನ್ನು ಅಲ್ಲಗಳೆಯುವುದು ಅಸಾಧ್ಯವಾಯಿತು. ದಾಖಲೆಯ ಮಿತಿಯೂ ಶಕ್ತಿಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ.

೧೯೫೬ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಾಗ ಟೇಲರ್ ಸಂಸ್ಥೆಯ ಯುಗ ಮುಗಿಯಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಗಿ, ೨೦೦೧ರಲ್ಲಿ ಮುಚ್ಚಿದವು.

ಇಷ್ಟನ್ನು ಹೇಳಿದ್ದು ಪರದೇಶದ ಮನೆತನವೊಂದನ್ನು ಹೊಗಳುವ ಸಲುವಾಗಿ ಅಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಹಳೆಯ ಮನೆಗಳಲ್ಲಿ ಶಾನುಭೋಗರ ಕಡತಗಳೂ, ಕೊಬ್ಬರಿ ಅಡಕೆ ವರ್ತಕರ ಲೆಕ್ಕದ ಪುಸ್ತಕಗಳೂ, ಭೂಮಿಕಾಣಿಯ ಪತ್ರಗಳೂ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಉಳಿದಿರುವುದುಂಟು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. ಆಗ ಅವುಗಳ ಉಪಯೋಗ ಮುಗಿಯಿತೆಂದು ಅನೇಕರು ಭಾವಿಸಿದರು. ಉಪಯೋಗ ಮುಗಿದದ್ದು ಕಚೇರಿಗೆ; ಇತಿಹಾಸಕ್ಕಲ್ಲ. ಯಾವ ವರ್ಷ ಬರ ಬಿತ್ತು, ಯಾವ ಕೆರೆ ಒಡೆಯಿತು, ಆಳಿಗೆ ಕೂಲಿ ಎಷ್ಟಿತ್ತು, ರಾಗಿಯ ಧಾರಣೆ ಏನಿತ್ತು ಎಂಬುದನ್ನು ಅಂತಹ ಪುಟಗಳೇ ಹೇಳಬಲ್ಲವು. ಕೂಲಿಯವನ ಹೆಸರೂ ಅಲ್ಲಿ ಒಮ್ಮೊಮ್ಮೆ ಸಿಗುತ್ತದೆ.

ಆದುದರಿಂದ ವಿದ್ಯಾವಂತರಾದ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳ ಹಳೆಯ ಕಾಗದಗಳನ್ನು ಗೆದ್ದಲಿಗೂ ಒಲೆಗೂ ಒಪ್ಪಿಸುವ ಮುನ್ನ ಒಮ್ಮೆ ಓದಿಸಬೇಕು. ಓದಬಲ್ಲ ಹಿರಿಯರು ಇರುವಾಗಲೇ ಓದಿಸಬೇಕು. ಊರಿನ ಕಮ್ಮಾರ, ಒಡ್ಡ, ಕೂಲಿಕಾರರ ಬಾಯಿಂದ ಕೇಳಿದ್ದನ್ನೂ ಅದರ ಪಕ್ಕದಲ್ಲಿ ಬರೆದಿಡಬೇಕು. ನಮ್ಮ ಕುಲುಮೆಗಳ ಕಥೆಯನ್ನು ಒಮ್ಮೆ ಅನ್ಯರು ಬರೆದರು. ಉಳಿದ ಕಥೆಗಳನ್ನಾದರೂ ನಾವೇ ಬರೆಯುವುದು ನಮ್ಮ ಹೊಣೆಯಲ್ಲವೇ?