ಕಪ್ಪು ನಾಯಿಯ ಬಾಟಲಿ

ಸಿಂಗಾಪುರದ ರಾಫಲ್ಸ್ ಹೋಟೆಲಿನ ಲಾಂಗ್ ಬಾರ್‌ನಲ್ಲಿ ಕಡಲೆಕಾಯಿ ಸುಲಿದು ಸಿಪ್ಪೆಯನ್ನು ನೆಲಕ್ಕೇ ಹಾಕುವುದು ರೂಢಿ. ಚೊಕ್ಕಟತನಕ್ಕೆ ಹೆಸರಾದ ಊರಿನಲ್ಲಿ ಇದೊಂದು ಅಪರೂಪದ ಸಲಿಗೆ. ಜಿನ್ ಬೆರೆಸಿದ ಗುಲಾಬಿ ಬಣ್ಣದ ಸಿಂಗಾಪುರ ಸ್ಲಿಂಗ್ ಈ ಹೋಟೆಲಿನದೇ ಕೂಸು. ಹೈನಾನ್ ಮೂಲದ ನ್ಗಿಯಾಮ್ ಟೋಂಗ್ ಬೂನ್ 1915ರಲ್ಲಿ ಅದನ್ನು ಮೊದಲು ಬೆರೆಸಿದರೆಂದು ಹೋಟೆಲಿನವರು ಹೇಳುತ್ತಾರೆ. ಹೆಂಗಸರು ನಾಲ್ಕು ಜನರೆದುರು ಮದ್ಯ ಮುಟ್ಟುವಂತಿರದ ಕಾಲ ಅದು. ಅನಾನಸ್, ನಿಂಬೆ ರಸ, ಚೆರ್ರಿ ಮದ್ಯ ಸೇರಿದ ಲೋಟ ನೋಡುವವರಿಗೆ ಹಣ್ಣಿನ ಪಾನಕದಂತೆಯೇ ಕಾಣುತ್ತಿತ್ತಂತೆ.

ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಹಿಲ್ ಸ್ಟ್ರೀಟಿನ ಆರ್ಮೇನಿಯನ್ ಚರ್ಚು ಸಿಗುತ್ತದೆ. 1835ರಲ್ಲಿ ಮುಗಿದ ಈ ಕಟ್ಟಡದ ನಕ್ಷೆ ಹಾಕಿದವರು ಐರ್ಲೆಂಡಿನ ಜಾರ್ಜ್ ಕೋಲ್ಮನ್. 1887ರಲ್ಲಿ ರಾಫಲ್ಸ್ ತೆರೆದ ಸಾರ್ಕೀಸ್ ಸಹೋದರರೂ ಆರ್ಮೇನಿಯನ್ನರೇ.

ಆದರೆ ಜನಸಾಮಾನ್ಯರ ನಡುವೆ ಐರ್ಲೆಂಡ್ ಬೇರು ಬಿಟ್ಟಿದ್ದು ಗಿನ್ನೆಸ್ ಸ್ಟೌಟ್ ಎಂಬ ಕಪ್ಪು ಬಿಯರ್ ಮೂಲಕ. ತಿಂಗಳುಗಟ್ಟಲೆ ಹಡಗಿನಲ್ಲಿ ಕೆಡದಿರಲೆಂದು ರಫ್ತಿನ ಸ್ಟೌಟಿಗೆ ಹಾಪ್ಸ್ ಹೆಚ್ಚು ಹಾಕಿ, ಕಡು ಕಹಿಯಾಗಿ ತಯಾರಿಸುತ್ತಿದ್ದರು. ಲಂಡನ್ನಿನ ರೀಡ್ ಬ್ರದರ್ಸ್ ಅದನ್ನು ಬಾಟಲಿಗೆ ತುಂಬಿ, ನಾಯಿತಲೆಯ ಚೀಟಿ ಅಂಟಿಸಿ ಕಳಿಸುತ್ತಿತ್ತು. ಇಂಗ್ಲಿಷ್ ಓದಲು ಬಾರದ ಕೂಲಿಕಾರನಿಗೂ ಆ ಚಿತ್ರ ಸಾಕಿತ್ತು. ಹೊಕ್ಕಿಯೆನ್ ಎಂಬ ಚೀನೀ ನುಡಿ ಆಡುವವರ ಬಾಯಲ್ಲಿ ಸ್ಟೌಟ್ 'ಕಪ್ಪು ನಾಯಿ'ಯಾಯಿತು. ಮೈಗೆ ಶಕ್ತಿ ಬರುತ್ತದೆಂದು ಬಾಣಂತಿಯರಿಗೆ ಕುಡಿಸುವ ವಾಡಿಕೆಯೂ ಚೀನೀ ಮನೆಗಳಲ್ಲಿತ್ತು. ಇಂದಿನ ವೈದ್ಯರು ಅದನ್ನು ಒಪ್ಪುವುದಿಲ್ಲ.

ತಮಿಳು ಕೂಲಿಕಾರರ ಪಾಲಿಗೆ ಸರ್ಕಾರಿ ಹೆಂಡದ ಅಂಗಡಿಗಳಿದ್ದವು. ಹೊರಗಿನಿಂದ ಬರುತ್ತಿದ್ದ ಬಾಟಲಿಗಳ ಜೊತೆಗೆ 1932ರಲ್ಲಿ ಟೈಗರ್ ಬಿಯರ್ ಸಿಂಗಾಪುರದಲ್ಲೇ ತಯಾರಾಗಿ ಮಾರುಕಟ್ಟೆಗೆ ಬಂತು.