ಟರ್ಬೊ ಎಂಜಿನ್ನಿನ ಗಂಟಲು: ಒಂದು ರಬ್ಬರ್ ಕೊಳವೆಯ ಚರಿತ್ರೆ

ಟರ್ಬೊ ಕಾರಿನ ಬಾನೆಟ್ ಎತ್ತಿ ನೋಡಿದರೆ ಮುಂಗೈಯಷ್ಟು ದಪ್ಪದ ಒಂದೆರಡು ಕಪ್ಪು ಕೊಳವೆಗಳು ಕಾಣುತ್ತವೆ. ಎರಡೂ ತುದಿಗೆ ಕ್ಲಿಪ್ ಬಿಗಿದಿರುವ ಈ ಕೊಳವೆಗಳನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಆದರೆ ಇವುಗಳಲ್ಲಿ ಒಂದು ಸೀಳಿದರೆ ಸಾಕು, ಲಕ್ಷಾಂತರ ರೂಪಾಯಿ ಬೆಲೆಯ ಎಂಜಿನ್ ಏರುದಾರಿಯಲ್ಲಿ ಏದುಸಿರು ಬಿಡತೊಡಗುತ್ತದೆ. ಇದೇ ಇಂಟರ್‌ಕೂಲರ್ ಹೋಸ್. ಸ್ವಂತ ಕೈಯಲ್ಲಿ ಕಾರು ರಿಪೇರಿ ಮಾಡಿಕೊಳ್ಳುವ ಹವ್ಯಾಸಿಗಳು ಮೊದಲು ಬದಲಿಸುವ ಭಾಗಗಳಲ್ಲಿ ಇದೂ ಒಂದು. ಈ ಕೊಳವೆ ಏಕೆ ಬೇಕಾಯಿತು ಎಂದು ತಿಳಿಯಲು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಎಂಜಿನ್ ಉರಿಸುವ ಇಂಧನದ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿ ಹೊಗೆಯೊಡನೆ ವ್ಯರ್ಥವಾಗಿ ಹೊರಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ವಿಚಾರಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ವಿಚಾರ ಸರಳ, ಆದರೆ ಅಷ್ಟು ಬಿಸಿ ಮತ್ತು ಅಷ್ಟು ವೇಗ ತಾಳುವ ಲೋಹ ಆಗ ಸುಲಭವಾಗಿರಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, 1925ರಲ್ಲಿ, 10 ಸಿಲಿಂಡರಿನ ಡೀಸೆಲ್ ಎಂಜಿನ್ ಒಂದರ ಶಕ್ತಿಯನ್ನು ಅವನು 1,750ರಿಂದ 2,500 ಅಶ್ವಶಕ್ತಿಗೆ ಏರಿಸಿ ತೋರಿಸಿದ.

ಈ ನಡುವೆ ಮೊದಲ ಮಹಾಯುದ್ಧ ಟರ್ಬೊವನ್ನು ಆಕಾಶಕ್ಕೆ ಒಯ್ದಿತ್ತು. ಎತ್ತರ ಏರಿದಂತೆ ಗಾಳಿ ತೆಳುವಾಗಿ ವಿಮಾನದ ಎಂಜಿನ್ ಸೊರಗುತ್ತದೆ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಅಮೆರಿಕದ ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 14,000 ಅಡಿಗೂ ಮೇಲಕ್ಕೆ, ಸಾಗಿಸಿದ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು.

ಬಿಸಿಯೆಂಬ ಶತ್ರು

ಗಾಳಿಯನ್ನು ಒತ್ತುವ ಕೆಲಸಕ್ಕೆ ಒಂದು ಶಾಪವಿದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದವರಿಗೆಲ್ಲ ಅದು ಗೊತ್ತು: ಹತ್ತಿಪ್ಪತ್ತು ಸಲ ಒತ್ತುವಷ್ಟರಲ್ಲಿ ಪಂಪಿನ ತಳ ಬೆಚ್ಚಗಾಗುತ್ತದೆ. ಟರ್ಬೊ ಯಂತ್ರದಲ್ಲೂ ಹಾಗೆಯೇ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಅದು 120 ಡಿಗ್ರಿಯ ಸುಮಾರಿಗೆ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಒತ್ತಿ ತುಂಬಿದ ಲಾಭದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಂತೂ ಈ ಬಿಸಿಯಿಂದ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್‌ಗಳನ್ನೇ ಹಾಳುಮಾಡಬಹುದು.

ಇದಕ್ಕೆ ಮದ್ದು, ಗಾಳಿಯನ್ನು ಎಂಜಿನ್ನಿಗೆ ಹೋಗುವ ಮುನ್ನ ತಣಿಸುವುದು. ರೇಡಿಯೇಟರಿನಂತೆಯೇ ಕಾಣುವ ಇಂಟರ್‌ಕೂಲರ್ ಮಾಡುವುದು ಇದನ್ನೇ. 120 ಡಿಗ್ರಿಯ ಗಾಳಿಯನ್ನು 55 ಡಿಗ್ರಿಗೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಸುಮಾರು ಐದನೇ ಒಂದು ಪಾಲು ಹೆಚ್ಚು ಗಾಳಿ ಹಿಡಿಯುತ್ತದೆ. ಎರಡನೆಯ ಮಹಾಯುದ್ಧದ ಅಮೆರಿಕನ್ ವಿಮಾನಗಳಲ್ಲಿ ಇದು ಆಗಲೇ ಇತ್ತು.

ಕಾರುಗಳಿಗೆ ಈ ಪಾಠ ತಡವಾಗಿ ಬಂತು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಇಂಟರ್‌ಕೂಲರ್ ಇರಲಿಲ್ಲ. ಬದಲಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸಿ ತಂಪು ಮಾಡುತ್ತಿದ್ದರು. ಅದಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಭರ್ಜರಿ ಹೆಸರು! ಪೆಟ್ರೋಲಿನ ಜೊತೆಗೆ ಇನ್ನೊಂದು ಡಬ್ಬಿಯನ್ನೂ ತುಂಬಿಸುತ್ತಿರಬೇಕೆಂಬುದು ಅನೇಕ ಮಾಲೀಕರಿಗೆ ಒಗ್ಗಲಿಲ್ಲ. ಎರಡೇ ವರ್ಷಕ್ಕೆ ಮಾದರಿ ನಿಂತಿತು. ಕೊನೆಗೆ ಕಂಪನಿಯೇ, ಬೇಕೆಂದವರಿಗೆ ಟರ್ಬೊ ಕಳಚಿ ಮಾಮೂಲಿ ಕಾರ್ಬುರೇಟರ್ ಹಾಕಿಕೊಟ್ಟಿತು.

ಟರ್ಬೊಗೆ ಮರ್ಯಾದೆ ತಂದುಕೊಟ್ಟದ್ದು ರೇಸಿನ ಮೈದಾನ. 1977ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ರೆನೊ ಕಂಪನಿ ಫಾರ್ಮುಲಾ ಒನ್ ಪಂದ್ಯಕ್ಕೆ ಮೊದಲ ಟರ್ಬೊ ಕಾರನ್ನು ಇಳಿಸಿತು. ಮತ್ತೆ ಮತ್ತೆ ಹೊಗೆಯುಗುಳಿ ನಿಲ್ಲುತ್ತಿದ್ದ ಅದನ್ನು ಜನ ‘ಹಳದಿ ಟೀಪಾಟ್’ ಎಂದು ಗೇಲಿ ಮಾಡಿದರು. 1979ರಲ್ಲಿ ಫ್ರಾನ್ಸಿನ ದಿಜೋಂನಲ್ಲಿ ಅದೇ ಕಂಪನಿಯ ಟರ್ಬೊ ಕಾರು ಗೆದ್ದಾಗ ನಗು ನಿಂತಿತು. ಅಷ್ಟರಲ್ಲಿ ರಸ್ತೆಯ ಕಾರುಗಳಿಗೂ ಇಂಟರ್‌ಕೂಲರ್ ಬಂದಿತ್ತು. 1978ರ ಪೋರ್ಶೆ 911 ಟರ್ಬೊ ಅದಕ್ಕೆ ಹೆಸರಾದ ಉದಾಹರಣೆ.

ಕೊಳವೆಯ ಸರದಿ

ಇಂಟರ್‌ಕೂಲರ್ ಬಂದೊಡನೆ ಹೊಸ ತೊಡಕೊಂದು ಎದ್ದಿತು. ಅದು ಕಾರಿನ ಮೈಗೆ ಬಿಗಿದಿರುತ್ತದೆ. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್‌ಗಳ ಮೇಲೆ ಸದಾ ಅಲುಗುತ್ತಿರುತ್ತದೆ. ಇವೆರಡರ ನಡುವೆ ಬರೀ ಲೋಹದ ಪೈಪು ಹಾಕಿದರೆ ಬಿರುಕು ಬಿಡುತ್ತದೆ. ಬಾಗುವ ಕೊಳವೆಯೇ ಬೇಕು.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಪಳಗಿಸಿದ್ದ. ಕೊಳವೆಯನ್ನು ಬಿಗಿಯುವ ತಿರುಪು ಕ್ಲಿಪ್‌ಗೆ ಬ್ರಿಟಿಷ್ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದಿದ್ದ. ಈ ಎರಡು ಹಳೆಯ ಸಾಮಾನುಗಳ ಮೇಲೆ ಹೊಸ ಯಂತ್ರದ ಭಾರ ಬಿತ್ತು. ಭಾರವೂ ಸಣ್ಣದಲ್ಲ. ಒಳವ್ಯಾಸ 5 ಸೆಂಟಿಮೀಟರ್ ಇರುವ ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೊ ಒತ್ತಡವಿದ್ದರೆ, ಅದನ್ನು ಪೈಪಿನಿಂದ ಹೊರದಬ್ಬುವ ಬಲ ಸುಮಾರು 20 ಕಿಲೊ. ಜೊತೆಗೆ ಬಿಸಿ, ಅಲುಗಾಟ, ಟರ್ಬೊ ಕಡೆಯಿಂದ ತೇಲಿಬರುವ ಎಣ್ಣೆಯ ಆವಿ. ವರ್ಷಗಳು ಕಳೆದಂತೆ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಇಲ್ಲವೇ ಒಣಗಿ ಕ್ಲಿಪ್ಪಿನ ಬಳಿ ಸೀಳುತ್ತದೆ.

ಹವ್ಯಾಸಿಗಳು ಇದರ ಜಾಗದಲ್ಲಿ ಹಾಕುವುದು ಸಿಲಿಕೋನ್ ಹೋಸ್. ಅದರ ಕಥೆಯೂ ಸ್ವಾರಸ್ಯಕರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ದಶಕಗಳ ಕಾಲ ಈ ವಸ್ತುಗಳ ಮೇಲೆ ದುಡಿದ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಿಪಿಂಗ್, 1930ರ ದಶಕದಲ್ಲೂ ಅವುಗಳಿಂದ ಹೆಚ್ಚಿನದೇನನ್ನೂ ನಿರೀಕ್ಷಿಸಿರಲಿಲ್ಲ. ಆದರೆ ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲೇ ಸಿಲಿಕೋನ್ ರಬ್ಬರ್ ಬಳಕೆಗೆ ಬಂದಿತ್ತು. ಅದಕ್ಕೆ ಸಿಕ್ಕ ಮೊದಲ ಕೆಲಸಗಳಲ್ಲೊಂದು ಯುದ್ಧವಿಮಾನಗಳ ಟರ್ಬೊ ಯಂತ್ರಗಳಿಗೆ ಗ್ಯಾಸ್ಕೆಟ್ ಆಗುವುದು! ಒಳಗೆ ಬಟ್ಟೆಯ ಪದರಗಳಿರುವ ಸಿಲಿಕೋನ್ ಕೊಳವೆ 170–180 ಡಿಗ್ರಿಯ ಬಿಸಿಯನ್ನೂ ತಾಳುತ್ತದೆ. ಆದರೆ ಎಣ್ಣೆಯ ಮುಂದೆ ಅದೂ ಸೋಲುತ್ತದೆ. ಅದಕ್ಕಾಗಿ ಒಳಮೈಗೆ ಫ್ಲೋರೋಸಿಲಿಕೋನ್ ಲೇಪನವಿರುವ ಕೊಳವೆಗಳು ಬಂದಿವೆ.

ಮನೆಯಲ್ಲಿ ಬದಲಿಸುವವರಿಗೆ ಈ ಚರಿತ್ರೆಯೇ ಕೈಪಿಡಿ. ಹೋಸ್ ಬದಲಿಸುವ ಮುನ್ನ ತಪ್ಪು ಅದರದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿಗದ್ದಿ ಗುಳ್ಳೆ ಹುಡುಕುವಂತೆ, ಕೊಳವೆಗಳಿಗೆ ಕಡಿಮೆ ಒತ್ತಡದ ಗಾಳಿ ತುಂಬಿ ಕೀಲುಗಳಿಗೆ ಸೋಪಿನ ನೀರು ಸವರಿದರೆ ಸೋರಿಕೆ ಕಾಣುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪೈಪಿನ ತುದಿಯ ಎಣ್ಣೆಯನ್ನು ಒರೆಸದಿದ್ದರೆ ಹೊಸ ಕೊಳವೆಯೂ ಜಾರುತ್ತದೆ. ಕ್ಲಿಪ್ ಕೂರಬೇಕಾದದ್ದು ಪೈಪಿನ ತುದಿಯ ಉಬ್ಬಿನ ಆಚೆಗೆ, ಉಬ್ಬಿನ ಮೇಲಲ್ಲ. ಪಟ್ಟಿಯಲ್ಲಿ ಸೀಳುಗಳಿರುವ ಹಳೆಯ ಬಗೆಯ ಕ್ಲಿಪ್ ಮೆತ್ತನೆಯ ಸಿಲಿಕೋನನ್ನು ಕತ್ತರಿಸುವುದರಿಂದ, ಒಳಮೈ ನುಣುಪಾಗಿರುವುದೇ ಒಳ್ಳೆಯದು. ಒಂದೆರಡು ಸಲ ಎಂಜಿನ್ ಕಾದು ತಣಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಕೊಳವೆಯೊಳಗೆ ಬಟ್ಟೆ ಚೂರು ಉಳಿದರೆ ಎಂಜಿನ್ನಿಗೇ ಅಪಾಯ.

ನಮ್ಮ ದೇಶದಲ್ಲಿ 1998ರಲ್ಲಿ ಟಾಟಾ ಸಫಾರಿ ಬಂದಾಗ ಟರ್ಬೊ ಎನ್ನುವುದು ದೊಡ್ಡ ವಾಹನದ ಹೆಮ್ಮೆಯಾಗಿತ್ತು. ಇಂದು ಒಂದು ಲೀಟರಿನ ಪೆಟ್ರೋಲ್ ಕಾರಿನಲ್ಲೂ ಅದಿದೆ. ಹಾಗಾಗಿ ಈ ಕೊಳವೆಯ ಸಂಗತಿ ಈಗ ರೇಸಿನ ಹುಚ್ಚಿನವರದ್ದಷ್ಟೇ ಅಲ್ಲ. ಘಾಟಿ ಏರುವಾಗ ಕಾರು ಸೊರಗಿದರೆ, ಬುಸ್ ಎಂಬ ಸದ್ದು ಕೇಳಿದರೆ, ಡೀಸೆಲ್ ವಾಹನ ಕಪ್ಪು ಹೊಗೆ ಬಿಟ್ಟರೆ ಮೊದಲು ನೋಡಬೇಕಾದದ್ದು ಇದನ್ನೇ. ಸೋರಿದ ಗಾಳಿಯನ್ನು ತುಂಬಿಕೊಡಲು ಟರ್ಬೊ ಅಳತೆ ಮೀರಿ ತಿರುಗುತ್ತದೆ. ಸಣ್ಣ ಸೀಳನ್ನು ಕಡೆಗಣಿಸಿದವರು ಟರ್ಬೊವನ್ನೇ ಕಳೆದುಕೊಳ್ಳಬಹುದು.

ಬಣ್ಣಬಣ್ಣದ ಹೊಸ ಹೋಸ್ ಹಾಕಿದರೆ ಶಕ್ತಿ ಹೆಚ್ಚುತ್ತದೆಂದು ನಂಬುವವರಿದ್ದಾರೆ. ಗಟ್ಟಿಯಾಗಿರುವ ಹಳೆಯ ಕೊಳವೆಯನ್ನು ತೆಗೆದು ಹೊಸದು ಹಾಕಿದರೆ ಅಂಥ ವ್ಯತ್ಯಾಸವೇನೂ ಆಗದು. ಕೊಳವೆ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಟರ್ಬೊ ದುಡಿದದ್ದನ್ನು ಸೋರದಂತೆ ಎಂಜಿನ್ನಿಗೆ ತಲುಪಿಸುತ್ತದೆ. ಅಷ್ಟು ಮಾಡಿದರೆ ಅದರ ಕೆಲಸ ಮುಗಿಯಿತು.